ಮೂರಡಿ ಅಗಲ, ಆರಡಿ ಉದ್ದ: ಏಡ್ಸ್ ಸ್ಮಾರಕ ಕೌದಿಯ ಪ್ರಕರಣ

1985ರ ನವೆಂಬರ್ 27, ಸ್ಯಾನ್ ಫ್ರಾನ್ಸಿಸ್ಕೊ. ಸಂಜೆ ಜನ ಮೇಣದಬತ್ತಿ ಹಿಡಿದು ಬೀದಿಯಲ್ಲಿ ನಡೆಯುತ್ತಿದ್ದರು. ಅದು ಪ್ರತಿ ವರ್ಷದ ಮೆರವಣಿಗೆ. 1978ರಲ್ಲಿ ಇದೇ ದಿನ ಆ ನಗರದ ಮೇಯರ್ ಜಾರ್ಜ್ ಮಾಸ್ಕೋನಿ ಮತ್ತು ನಗರಾಡಳಿತದ ಸದಸ್ಯ ಹಾರ್ವೆ ಮಿಲ್ಕ್ ಇಬ್ಬರೂ ಗುಂಡೇಟಿಗೆ ಬಲಿಯಾಗಿದ್ದರು. ಮಿಲ್ಕ್ ತಾನು ಸಲಿಂಗಿ ಎಂದು ಮುಚ್ಚಿಡದೆ ಜನರ ಮುಂದೆ ನಿಂತು ಚುನಾವಣೆ ಗೆದ್ದವರು. ಅವರಿಬ್ಬರ ನೆನಪಿಗೆ ವರ್ಷ ವರ್ಷ ಈ ನಡಿಗೆ.

ಆ ಸಲದ ತಯಾರಿ ನೋಡಿಕೊಳ್ಳುತ್ತಿದ್ದವರು ಕ್ಲೀವ್ ಜೋನ್ಸ್. ವಿದ್ಯಾರ್ಥಿಯಾಗಿದ್ದಾಗ ಮಿಲ್ಕ್ ಅವರ ಕಚೇರಿಯಲ್ಲಿ ಕೆಲಸ ಮಾಡಿದ್ದರು. ಏಡ್ಸ್‌ನಿಂದ ಆ ಒಂದೇ ನಗರದಲ್ಲಿ ಸತ್ತವರ ಸಂಖ್ಯೆ ಸಾವಿರ ದಾಟಿದೆ ಎಂಬ ಸುದ್ದಿ ಅವರಿಗೆ ಆಗಷ್ಟೇ ತಿಳಿದಿತ್ತು. ಸಾವಿರ ಜನ ಹೋಗಿದ್ದಾರೆ, ಆದರೆ ಬೀದಿಯಲ್ಲಿ ನಿಂತು ನೋಡಿದರೆ ಅದರ ಗುರುತೇ ಇಲ್ಲ. ಹಾಗಾಗಿ ಜೋನ್ಸ್ ಮೆರವಣಿಗೆಗೆ ಬಂದವರನ್ನು ಒಂದು ಮಾತು ಕೇಳಿದರು. ಈ ರೋಗದಿಂದ ನೀವು ಕಳೆದುಕೊಂಡವರ ಹೆಸರನ್ನು ಒಂದು ರಟ್ಟಿನ ಮೇಲೆ ಬರೆಯಿರಿ.

ಜನ ಬರೆದರು. ಮೆರವಣಿಗೆ ಮುಗಿದ ಮೇಲೆ ಏಣಿ ಹಾಕಿ, ಆ ರಟ್ಟುಗಳನ್ನು ಕೇಂದ್ರ ಸರ್ಕಾರದ ಕಟ್ಟಡದ ಗೋಡೆಗೆ ಒಂದರ ಪಕ್ಕ ಒಂದು ಅಂಟಿಸಿದರು. ಜೋನ್ಸ್ ಹಿಂದೆ ಸರಿದು ನಿಂತು ಗೋಡೆ ನೋಡಿದಾಗ ಅವರಿಗೆ ಕಂಡದ್ದು ತುಂಡು ತುಂಡು ಸೇರಿಸಿ ಹೊಲಿದ ಹೊದಿಕೆ. ಮನೆಯ ಹಿರಿಯ ಹೆಂಗಸರು ಹೊಲಿದಿಟ್ಟಿದ್ದ ಕ್ವಿಲ್ಟ್ ನೆನಪಾಯಿತು.

ಕ್ವಿಲ್ಟ್ ಎನ್ನುವ ಮಾತನ್ನು ನಾನು ಇಲ್ಲಿ ಕೌದಿ ಎಂದೇ ಕರೆಯುತ್ತೇನೆ. ಅದಕ್ಕಿಂತ ಒಳ್ಳೆಯ ಮಾತು ಸಿಗಲ್ಲ. ಹೊದ್ದು ಸವೆದ ಬಟ್ಟೆಗಳ ತುಂಡುಗಳು, ಯಾರೋ ಉಟ್ಟ ಸೀರೆ, ಯಾರೋ ತೊಟ್ಟ ಅಂಗಿ, ಎಲ್ಲ ಸೇರಿ ಒಂದು ಹೊದಿಕೆಯಾದರೆ ಅದು ಕೌದಿ. ಬಟ್ಟೆ ತೊಟ್ಟವರು ಇಲ್ಲದಿದ್ದರೂ ಅವರ ಮೈಯ ನೆನಪು ಅದರಲ್ಲಿ ಇರುತ್ತದೆ ಅಲ್ವಾ? ಜೋನ್ಸ್ ಗೋಡೆಯಲ್ಲಿ ಕಂಡದ್ದು ಅದನ್ನೇ.

ಇದು ಮುಂದೆ ಜಗತ್ತಿನ ಅತಿ ದೊಡ್ಡ ಸಮುದಾಯ ಕಲಾಕೃತಿಗಳಲ್ಲಿ ಒಂದಾಯಿತು. ಇವತ್ತು ಅದರಲ್ಲಿ ಸುಮಾರು 50,000 ತುಂಡುಗಳಿವೆ, 1,10,000ದಷ್ಟು ಹೆಸರುಗಳಿವೆ. ತೂಕ ಸುಮಾರು 54 ಟನ್. ಈ ಅಂಕಿಗಳನ್ನು ಹೇಳಿ ಬೆರಗು ಹುಟ್ಟಿಸುವುದು ಸುಲಭ. ನನಗೆ ಬೇಕಾದದ್ದು ಬೇರೆ. ಇಷ್ಟು ಜನ ಯಾಕೆ ಹೊಲಿದರು? ಹೊಲಿದದ್ದರಿಂದ ಏನಾಯಿತು? ಏನು ಆಗಲಿಲ್ಲ? ಸಮುದಾಯ ಕಲೆಗೆ ಸಾಮಾಜಿಕ ಬೆಲೆ ಇದೆ ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಆ ಬೆಲೆ ಸರಿಯಾಗಿ ಎಲ್ಲಿರುತ್ತದೆ ಎಂದು ಹುಡುಕಲು ಈ ಪ್ರಕರಣದಷ್ಟು ತುಂಬಿದ ಉದಾಹರಣೆ ನಾನು ಬೇರೆ ಕಂಡಿಲ್ಲ.

ಹೂಳಲು ಜಾಗವಿಲ್ಲದ ಸಾವು

ಆ ದಿನಗಳನ್ನು ಸ್ವಲ್ಪ ನೆನಪು ಮಾಡಿಕೊಳ್ಳಬೇಕು. 1981ರ ಜೂನ್ 5ರಂದು ಅಮೆರಿಕದ ಸಿಡಿಸಿ, ಅಂದರೆ ರೋಗ ನಿಯಂತ್ರಣ ಕೇಂದ್ರ, ಲಾಸ್ ಏಂಜಲೀಸ್‌ನ ಐವರು ಯುವಕರಿಗೆ ಬಂದ ಅಪರೂಪದ ನ್ಯುಮೋನಿಯಾ ಬಗ್ಗೆ ಒಂದು ಚಿಕ್ಕ ವರದಿ ಪ್ರಕಟಿಸಿತು. ಏಡ್ಸ್ ಬಗ್ಗೆ ಮೊದಲ ದಾಖಲೆ ಅದು. ಆರು ವರ್ಷ ಕಳೆದ ಮೇಲೆ, 1987ರ ಮೇ 31ರಂದು, ಅಧ್ಯಕ್ಷ ರೊನಾಲ್ಡ್ ರೇಗನ್ ಈ ರೋಗದ ಬಗ್ಗೆ ತಮ್ಮ ಮೊದಲ ಪ್ರಮುಖ ಭಾಷಣ ಮಾಡಿದರು. ಅಷ್ಟರಲ್ಲಿ ಆ ದೇಶದಲ್ಲಿ 20,000ಕ್ಕೂ ಜಾಸ್ತಿ ಜನ ಸತ್ತಿದ್ದರು. ಮೊದಲ ಔಷಧಿ ಎಜೆಡ್‌ಟಿಗೆ ಒಪ್ಪಿಗೆ ಸಿಕ್ಕಿದ್ದೂ 1987ರ ಮಾರ್ಚ್‌ನಲ್ಲಿ.

ಸಾವಿನ ಜೊತೆ ನಾಚಿಕೆಯನ್ನೂ ಕಟ್ಟಿಬಿಟ್ಟಿದ್ದರು. ಎಷ್ಟೋ ಶವಸಂಸ್ಕಾರದ ಸಂಸ್ಥೆಗಳು ಏಡ್ಸ್‌ನಿಂದ ಸತ್ತವರ ದೇಹ ಮುಟ್ಟಲು ಒಪ್ಪುತ್ತಿರಲಿಲ್ಲ. ಎಷ್ಟೋ ಮನೆಗಳಲ್ಲಿ ಮಗ ಯಾವ ರೋಗದಿಂದ ಸತ್ತ ಎಂದು ಹೇಳುತ್ತಿರಲಿಲ್ಲ. ಹಲವು ವರ್ಷ ಜೊತೆಗೆ ಬಾಳಿದ ಸಂಗಾತಿಗೆ ಕಾನೂನಿನ ಕಣ್ಣಲ್ಲಿ ಯಾವ ಸಂಬಂಧವೂ ಇಲ್ಲ. ಆಸ್ಪತ್ರೆಯಲ್ಲಿ ಮಂಚದ ಪಕ್ಕ ಕೂತು ಆರೈಕೆ ಮಾಡಿದವನಿಗೆ ಅಂತ್ಯಕ್ರಿಯೆಯಲ್ಲಿ ನಿಲ್ಲಲು ಜಾಗ ಇಲ್ಲದೆ ಹೋಗಬಹುದಿತ್ತು. ಸತ್ತವರಿಗೆ ಸಮಾಧಿ ಇಲ್ಲ, ಉಳಿದವರಿಗೆ ಅಳಲು ಜಾಗ ಇಲ್ಲ.

ಕೌದಿಯ ತುಂಡಿನ ಅಳತೆ ಮೂರಡಿ ಅಗಲ, ಆರಡಿ ಉದ್ದ. ಹೆಚ್ಚುಕಡಿಮೆ ಒಂದು ಸಮಾಧಿಯ ಅಳತೆ. ಅದು ಆಕಸ್ಮಿಕ ಅಲ್ಲ.

ಮೊದಲ ತುಂಡು

ಗೋಡೆ ನೋಡಿದ ದಿನದಿಂದ ಮೊದಲ ಹೊಲಿಗೆಯವರೆಗೆ ಒಂದು ವರ್ಷಕ್ಕೂ ಜಾಸ್ತಿ ಸಮಯ ಹಿಡಿಯಿತು. ಸಮುದಾಯ ಕಲೆಯ ಬಗ್ಗೆ ಮಾತಾಡುವಾಗ ಈ ಅಂತರವನ್ನು ನಾವು ಮರೆಯುತ್ತೇವೆ. ಹೊಳೆದ ಮರುದಿನವೇ ಜನ ಸೇರಿಬಿಡುವುದಿಲ್ಲ. 1986ರ ಅಕ್ಟೋಬರ್‌ನಲ್ಲಿ ಜೋನ್ಸ್ ಅವರ ಆಪ್ತ ಗೆಳೆಯ ಮಾರ್ವಿನ್ ಫೆಲ್ಡ್‌ಮನ್ ತೀರಿಕೊಂಡರು. 1987ರ ಫೆಬ್ರವರಿಯಲ್ಲಿ ಜೋನ್ಸ್ ಈ ಗೆಳೆಯನ ಹೆಸರಿನಲ್ಲಿ ಮೊದಲ ತುಂಡು ಮಾಡಿದರು. ಗುಂಪಿಗಾಗಿ ಹುಟ್ಟಿದ ಯೋಚನೆ ಕೊನೆಗೆ ಶುರುವಾದದ್ದು ಒಬ್ಬ ಗೆಳೆಯನಿಗಾಗಿ.

ಆ ಜೂನ್‌ನಲ್ಲಿ ಜೋನ್ಸ್, ಮೈಕ್ ಸ್ಮಿತ್ ಮತ್ತು ಇನ್ನು ಕೆಲವರು ಸೇರಿ ನೇಮ್ಸ್ ಪ್ರಾಜೆಕ್ಟ್ ಎಂಬ ಸಂಸ್ಥೆ ಕಟ್ಟಿದರು. ಮಾರ್ಕೆಟ್ ಸ್ಟ್ರೀಟ್‌ನಲ್ಲಿ ಒಂದು ಖಾಲಿ ಅಂಗಡಿ ಹಿಡಿದರು. ಯಾರೋ ಹೊಲಿಗೆ ಯಂತ್ರ ತಂದುಕೊಟ್ಟರು, ಯಾರೋ ಬಟ್ಟೆ ತಂದರು. ಹೊಲಿಗೆ ಬರುವವರು ಬಂದರು, ಸೂಜಿ ಹಿಡಿಯಲೂ ಬಾರದವರು ಬಂದರು. ಜೂನ್ ಕೊನೆಗೆ 40 ತುಂಡುಗಳು ತಯಾರಾಗಿದ್ದವು. ಅವನ್ನು ನಗರಸಭೆ ಕಟ್ಟಡದಲ್ಲಿ ಮೇಯರ್ ಅವರ ಬಾಲ್ಕನಿಯಿಂದ ಇಳಿಬಿಟ್ಟರು.

ಅಲ್ಲಿಂದ ಮುಂದೆ ಬೇರೆ ಬೇರೆ ಊರುಗಳಿಂದ ಅಂಚೆಯಲ್ಲಿ ತುಂಡುಗಳು ಬರತೊಡಗಿದವು. ಅಕ್ಟೋಬರ್ ಹೊತ್ತಿಗೆ ಅವು 1,920 ಆಗಿದ್ದವು. ನಾಲ್ಕು ತಿಂಗಳಿಗೂ ಕಡಿಮೆ ಸಮಯದಲ್ಲಿ 40ರಿಂದ 1,920.

ಗಟ್ಟಿ ನಿಯಮ, ಬಿಟ್ಟ ಕೈ

ಈ ಪ್ರಕರಣದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಇದರ ನಿಯಮಗಳು. ಜನ ಭಾಗವಹಿಸುವ ಕಲೆ ಎಂದರೆ ಏನು ಬೇಕಾದರೂ ಮಾಡಿ ಎಂದು ಬಿಡುವುದು ಎಂಬ ತಪ್ಪು ತಿಳಿವಳಿಕೆ ಇದೆ. ಹಾಗೆ ಬಿಟ್ಟರೆ ಜನ ಹೆದರುತ್ತಾರೆ. ಖಾಲಿ ಗೋಡೆ ಕೊಟ್ಟು ಬಣ್ಣ ಹಚ್ಚಿ ಎಂದರೆ ಮೊದಲು ಮುಂದೆ ಬರುವುದು ಆಗಲೇ ಚಿತ್ರ ಬರೆಯಲು ಬರುವವರೇ. ಉಳಿದವರು ಸುಮ್ನೆ ನಿಂತು ನೋಡುತ್ತಾರೆ. ಇನ್ನೊಂದು ತಪ್ಪು ಇದಕ್ಕೆ ಉಲ್ಟಾ. ಕಲಾವಿದರೇ ಎಲ್ಲವನ್ನೂ ಮೊದಲೇ ಬರೆದಿಟ್ಟು, ಜನರ ಕೈಗೆ ಕುಂಚ ಕೊಟ್ಟು, ಈ ಚೌಕದಲ್ಲಿ ನೀಲಿ ತುಂಬಿ ಎನ್ನುತ್ತಾರೆ. ಕೊನೆಗೆ ಫೋಟೊ ತೆಗೆದು ಸಮುದಾಯದ ಕೆಲಸ ಎಂದು ಹೇಳಿಕೊಳ್ಳುತ್ತಾರೆ.

ಕೌದಿಯ ಅಳತೆ ಗಟ್ಟಿ. ಮೂರಕ್ಕೆ ಆರು ಅಡಿ. ಎಂಟು ತುಂಡು ಸೇರಿಸಿದರೆ ಹನ್ನೆರಡು ಅಡಿಯ ಒಂದು ಚೌಕ. ಅಂಚಿಗೆ ಗಟ್ಟಿ ಬಟ್ಟೆ, ಕಟ್ಟಲು ತೂತು. ಜೊತೆಗೆ ಆ ವ್ಯಕ್ತಿಯ ಬಗ್ಗೆ ಒಂದು ಕಾಗದ ಬರೆದು ಕಳಿಸಿ ಎಂಬ ಕೋರಿಕೆ. ಅಷ್ಟೇ. ಯಾವ ಬಟ್ಟೆ, ಯಾವ ಬಣ್ಣ, ಏನು ಬರೆಯಬೇಕು, ಚಂದ ಇರಬೇಕೇ ಬೇಡವೇ, ಇದಾವುದನ್ನೂ ಸಂಸ್ಥೆ ಹೇಳಲಿಲ್ಲ. ಇದು ಚೆನ್ನಾಗಿಲ್ಲ ಎಂದು ಆರಿಸಿ ಹಿಂದೆ ಕಳಿಸುವ ಸಮಿತಿಯೂ ಇರಲಿಲ್ಲ.

ಹಾಗಾಗಿ ಏನೇನು ಬಂತು ನೋಡಿ. ಜೀನ್ಸ್, ಚರ್ಮದ ಜಾಕೆಟ್, ಲೇಸು, ಮಿಂಕ್ ತುಪ್ಪಳ, ಗೊಂಬೆಗಳು, ಲೆಗೊ ತುಂಡುಗಳು, ಮದುವೆಯ ಉಂಗುರ, ಕಾರಿನ ಕೀಲಿಕೈ, ಪ್ರೇಮಪತ್ರ, ಮುತ್ತು, ಟೆನಿಸ್ ಶೂ, ಕೌಬಾಯ್ ಬೂಟು, ಕೂದಲು. ಕೆಲವರು ಚಿತಾಭಸ್ಮವನ್ನೂ ಬಟ್ಟೆಯೊಳಗೆ ಸೇರಿಸಿ ಹೊಲಿದರು. ನುರಿತ ಕೈಯ ಕಸೂತಿಯ ಪಕ್ಕದಲ್ಲೇ ಸೊಟ್ಟ ಅಕ್ಷರದ ಸ್ಪ್ರೇ ಪೇಂಟ್. ಎರಡಕ್ಕೂ ಒಂದೇ ಅಳತೆಯ ಜಾಗ. ಹೆಸರಾಂತ ನಟನಿಗೂ ಯಾರಿಗೂ ಗೊತ್ತಿಲ್ಲದ ಹುಡುಗನಿಗೂ ಹದಿನೆಂಟು ಚದರಡಿ.

ಯಾರನ್ನೂ ತಿರಸ್ಕರಿಸುವುದಿಲ್ಲ ಎಂಬ ಮಾತು ಎಷ್ಟು ದೂರ ಹೋಗಬಲ್ಲದು ಎನ್ನುವುದಕ್ಕೆ ರಾಯ್ ಕೋನ್ ಹೆಸರಿನ ತುಂಡು ಸಾಕ್ಷಿ. ಕೋನ್ 1950ರ ದಶಕದಲ್ಲಿ ಕಮ್ಯುನಿಸ್ಟರೆಂದು ಶಂಕಿಸಿದವರ ಬೆನ್ನು ಹತ್ತಿದ್ದ ಸೆನೆಟರ್ ಮೆಕಾರ್ತಿಯ ಬಲಗೈಯಾಗಿದ್ದ ವಕೀಲ. ಸಲಿಂಗಿಗಳನ್ನು ಸರ್ಕಾರಿ ಕೆಲಸದಿಂದ ಓಡಿಸುವ ಬೇಟೆಯಲ್ಲಿ ಆ ಗುಂಪಿನ ಕೈ ಇತ್ತು. ಅದೇ ಕೋನ್ 1986ರಲ್ಲಿ ಏಡ್ಸ್‌ನಿಂದ ತೀರಿಕೊಂಡರು. ತಮಗೆ ಆ ರೋಗ ಇದೆ ಎಂದು ಕೊನೆಯವರೆಗೂ ಒಪ್ಪಲಿಲ್ಲ. ಅವರ ತುಂಡಿನ ಮೇಲೆ ಹೆಸರಿನ ಜೊತೆ ಇರುವುದು ಮೂರೇ ಮಾತು. ಕನ್ನಡದಲ್ಲಿ ಹೇಳುವುದಾದರೆ, ಪುಂಡ, ಹೇಡಿ, ಬಲಿಯಾದವ. ಈ ಮೂರನೆಯ ಮಾತು ಓದಿದಾಗ ನನಗೆ ಮೈ ಜುಮ್ಮೆಂದಿತು. ಸಿಟ್ಟು ಬಿಟ್ಟಿಲ್ಲ, ಆದರೂ ಕೌದಿಯಿಂದ ಹೊರಗೆ ಹಾಕಿಲ್ಲ. ಕಲಾವಿದರ ಒಂದು ಸಮಿತಿ ಕೂತು ಯೋಚಿಸಿದ್ದರೆ ಈ ತುಂಡು ಹುಟ್ಟುತ್ತಲೇ ಇರಲಿಲ್ಲ.

ಇನ್ನೊಂದು ತುಂಡು ಇದೆ. ಅದನ್ನು ಮಾಡಿದ್ದು ಸತ್ತವರೇ. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ರೋಗ ಇದೆ ಎಂದು ತಿಳಿದ ಯುವಕನೊಬ್ಬ ತನ್ನ ತುಂಡನ್ನು ತಾನೇ ಮಾಡಿಟ್ಟ. ಈ ತುಂಡನ್ನು ನಾನೇ ಮಾಡಿದೆ, ನೀವು ಇದನ್ನು ಓದುತ್ತಿದ್ದೀರಿ ಎಂದರೆ ನಾನು ಸತ್ತಿದ್ದೇನೆ ಎಂದು ಅದರ ಮೇಲೆ ಬರೆದ. ಇಲ್ಲಿ ಕಲಾವಿದ ಯಾರು, ಭಾಗವಹಿಸಿದವರು ಯಾರು, ನೋಡುವವರು ಯಾರು ಎಂದು ಬೇರ್ಪಡಿಸಲು ಆಗುವುದೇ ಇಲ್ಲ.

ಅಳತೆ ಒಂದೇ ಇದ್ದುದರಿಂದ ಯಾರ ತುಂಡಾದರೂ ಯಾರ ಪಕ್ಕಕ್ಕಾದರೂ ಕೂರುತ್ತಿತ್ತು. ಒಳಗಿನದು ಪೂರ್ತಿ ಅವರದೇ ಆದುದರಿಂದ ಅದು ನಿಜವಾಗಿಯೂ ಅವರದಾಗಿತ್ತು. ಇವೆರಡರಲ್ಲಿ ಒಂದು ತಪ್ಪಿದ್ದರೂ ಇದು ಇಷ್ಟು ಬೆಳೆಯುತ್ತಿರಲಿಲ್ಲ ಎಂದು ನಾನು ನಂಬುತ್ತೇನೆ.

ಸೂಜಿ ದಾರವನ್ನೇ ಆರಿಸಿಕೊಂಡದ್ದೂ ದೊಡ್ಡ ಜಾಣತನ. ಹೊಲಿಗೆ ಗ್ಯಾಲರಿಯ ಕೆಲಸ ಅಲ್ಲ, ಮನೆಯ ಕೆಲಸ. ಅಮೆರಿಕದ ಹಳ್ಳಿಗಾಡಿನ ಮನೆಗಳಲ್ಲಿ ಕ್ವಿಲ್ಟ್ ಎಂದರೆ ಅಜ್ಜಿ, ಅಮ್ಮ, ಮನೆಯ ಬೆಚ್ಚಗೆ. ಸಲಿಂಗಿ ಎಂಬ ಮಾತು ಕೇಳಿದರೆ ಬಾಗಿಲು ಹಾಕಿಕೊಳ್ಳುವ ಮನೆಗಳಿಗೂ ಈ ಬಟ್ಟೆ ಒಳಗೆ ಹೋಗಬಲ್ಲದು ಎಂದು ಜೋನ್ಸ್ ಲೆಕ್ಕ ಹಾಕಿದ್ದರು. ಲೆಕ್ಕ ತಪ್ಪಲಿಲ್ಲ. ಮಗನನ್ನು ಕಳೆದುಕೊಂಡ ತಾಯಂದಿರು ಬಂದರು. ಅವರಿಗೆ ಭಾಷಣ ಮಾಡಲು ಬರುತ್ತಿರಲಿಲ್ಲ, ಹೊಲಿಯಲು ಬರುತ್ತಿತ್ತು. ಒಂದೇ ಮೇಜಿನ ಸುತ್ತ ಅವರೂ, ಅವರ ಮಗನಂಥವರೂ ಕೂತರು. ಹೊಲಿಗೆಗೆ ಗಂಟೆಗಟ್ಟಲೆ ಸಮಯ ಬೇಕು. ಕೈಗೆ ಕೆಲಸ ಇರುವಾಗ ಬಾಯಿ ತಾನಾಗಿ ತೆರೆಯುತ್ತದೆ. ಕಣ್ಣಲ್ಲಿ ಕಣ್ಣಿಟ್ಟು ಹೇಳಲಾಗದ್ದನ್ನು ಬಟ್ಟೆ ನೋಡುತ್ತಾ ಹೇಳಬಹುದು.

ಹಾಸುವ ದಿನ

1987ರ ಅಕ್ಟೋಬರ್ 11ರಂದು ವಾಷಿಂಗ್ಟನ್ನಿನ ನ್ಯಾಷನಲ್ ಮಾಲ್ ಎಂಬ ದೊಡ್ಡ ಬಯಲಿನಲ್ಲಿ ಕೌದಿಯನ್ನು ಮೊದಲ ಬಾರಿಗೆ ಪೂರ್ತಿ ಹಾಸಿದರು. ಅದೇ ದಿನ ಸಲಿಂಗಿಗಳ ಹಕ್ಕಿಗಾಗಿ ಅಲ್ಲಿ ರಾಷ್ಟ್ರೀಯ ಮೆರವಣಿಗೆ ಇತ್ತು. ಸೂರ್ಯ ಹುಟ್ಟುವ ಹೊತ್ತಿಗೆ ಕೆಲಸ ಶುರುವಾಯಿತು. 1,920 ತುಂಡುಗಳು ಫುಟ್‌ಬಾಲ್ ಮೈದಾನಕ್ಕಿಂತ ದೊಡ್ಡ ಜಾಗ ತುಂಬಿದವು. ಆ ವಾರಾಂತ್ಯದಲ್ಲಿ ಸುಮಾರು 5 ಲಕ್ಷ ಜನ ನೋಡಿದರು ಎಂಬ ಲೆಕ್ಕ ಇದೆ.

ಹಾಸುವ ಕ್ರಮವೇ ಒಂದು ಆಚರಣೆಯಾಗಿ ಬೆಳೆಯಿತು. ದೊಡ್ಡ ಬಟ್ಟೆಯನ್ನು ಕಮಲದ ಹಾಗೆ ಮಡಿಚಿ ನೆಲದ ಮೇಲೆ ಇಟ್ಟಿರುತ್ತಾರೆ. ಬಿಳಿ ಬಟ್ಟೆ ತೊಟ್ಟ ಎಂಟು ಮಂದಿ ಸುತ್ತ ನಿಲ್ಲುತ್ತಾರೆ. ನಾಲ್ವರು ಬಗ್ಗಿ ಒಂದು ಪದರ ಬಿಡಿಸುತ್ತಾರೆ, ಆಮೇಲೆ ಉಳಿದ ನಾಲ್ವರು. ಪೂರ್ತಿ ಬಿಡಿಸಿದ ಮೇಲೆ ಎಂಟೂ ಜನ ಅದನ್ನು ಎತ್ತಿ, ಸ್ವಲ್ಪ ತಿರುಗಿಸಿ, ತನ್ನ ಜಾಗದಲ್ಲಿ ಇಳಿಸುತ್ತಾರೆ. ಯಾರೂ ಮಾತಾಡುವುದಿಲ್ಲ. ಕೇಳಿಸುವುದು ಮೈಕಿನಲ್ಲಿ ಓದುವ ಹೆಸರುಗಳು ಮಾತ್ರ.

ಹೆಸರು ಓದುವುದು ಆವತ್ತೇ ಶುರುವಾಗಿ ಇವತ್ತಿಗೂ ನಡೆದಿದೆ. ನಟರು, ರಾಜಕಾರಣಿಗಳು, ತಾಯಂದಿರು, ಸಂಗಾತಿಗಳು, ಗೆಳೆಯರು ಸರದಿಯಲ್ಲಿ ಬಂದು ಓದುತ್ತಾರೆ. ಊರವರ ಮುಂದೆ, ಮೈಕಿನಲ್ಲಿ, ಗಟ್ಟಿ ದನಿಯಲ್ಲಿ. ನಾಚಿಕೆ ಎಂದು ಮುಚ್ಚಿಟ್ಟ ಸಾವಿನ ಹೆಸರನ್ನು ದೇಶದ ರಾಜಧಾನಿಯ ನಡುವೆ ಕೂಗಿ ಹೇಳುವುದು ಸಣ್ಣ ಮಾತಲ್ಲ. ಹೆಸರು ಹಿಡಿದು ಕರೆಯುವುದು ಎಂದರೆ ಇವರು ನಮ್ಮವರು ಎಂದು ಒಪ್ಪಿಕೊಳ್ಳುವುದು.

ಹಾಸಿದ ಚೌಕಗಳ ನಡುವೆ ನಡೆಯಲು ದಾರಿ ಬಿಟ್ಟಿರುತ್ತಾರೆ. ಬಟ್ಟೆ ನೆಲದಲ್ಲಿ ಇರುವುದರಿಂದ ನೋಡಬೇಕೆಂದರೆ ತಲೆ ಬಗ್ಗಿಸಬೇಕು, ಓದಬೇಕೆಂದರೆ ಮಂಡಿ ಊರಬೇಕು. ಗೋಡೆಯ ಚಿತ್ರದ ಮುಂದೆ ಕೈಕಟ್ಟಿ ನಿಂತ ಹಾಗೆ ಇದರ ಮುಂದೆ ನಿಲ್ಲಲಾಗುವುದಿಲ್ಲ. ಅಲ್ಲಲ್ಲಿ ಖಾಲಿ ಬಟ್ಟೆಯ ಚೌಕ ಇಟ್ಟು ಪೆನ್ನು ಕೊಟ್ಟಿರುತ್ತಾರೆ. ನೋಡಲು ಬಂದವರು ತಮಗೆ ತೋಚಿದ್ದು ಬರೆಯುತ್ತಾರೆ. ಅದೂ ಕೌದಿಯ ದಾಖಲೆಯಾಗುತ್ತದೆ.

ಮರುವರ್ಷ ಕೌದಿ ಊರೂರು ತಿರುಗಿತು. 1988ರಲ್ಲಿ ನಾಲ್ಕು ತಿಂಗಳು, 20 ನಗರ. 9,000ಕ್ಕೂ ಜಾಸ್ತಿ ಸ್ವಯಂಸೇವಕರು ಕೈ ಹಾಕಿದರು. ಸುಮಾರು 5 ಲಕ್ಷ ಡಾಲರ್ ಸೇರಿತು, ಅದು ಏಡ್ಸ್ ರೋಗಿಗಳನ್ನು ನೋಡಿಕೊಳ್ಳುವ ಸಂಸ್ಥೆಗಳಿಗೆ ಹೋಯಿತು. ಹೋದ ಕಡೆಯೆಲ್ಲ ಆ ಊರಿನವರು ಹೊಸ ತುಂಡು ತಂದು ಸೇರಿಸಿದರು. ಅಕ್ಟೋಬರ್‌ನಲ್ಲಿ ಶ್ವೇತಭವನದ ಎದುರಿನ ಎಲಿಪ್ಸ್ ಬಯಲಿನಲ್ಲಿ ಹಾಸಿದಾಗ ತುಂಡುಗಳು 8,288. 1989ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿಗೆ ಹೆಸರು ಸೂಚಿತವಾಯಿತು. 1996ರ ಅಕ್ಟೋಬರ್‌ನಲ್ಲಿ ಕೊನೆಯ ಬಾರಿಗೆ ಪೂರ್ತಿ ಕೌದಿಯನ್ನು ಒಂದೇ ಕಡೆ ಹಾಸಿದರು. ಆಗ ಅದು ಇಡೀ ನ್ಯಾಷನಲ್ ಮಾಲ್ ತುಂಬಿತ್ತು. ಬಿಲ್ ಕ್ಲಿಂಟನ್ ಬಂದು ನೋಡಿದರು. ಅಧ್ಯಕ್ಷರೊಬ್ಬರು ಅಧಿಕಾರದಲ್ಲಿ ಇರುವಾಗ ಬಂದದ್ದು ಅದೇ ಮೊದಲು. ಅದಾದ ಮೇಲೆ ಕೌದಿ ಒಂದೇ ಸಲ ಹಾಸಲಾರದಷ್ಟು ದೊಡ್ಡದಾಯಿತು.

ಅತ್ತರೆ ಸಾಕೇ?

ಈಗ ಕಷ್ಟದ ಭಾಗ. ಕೌದಿಯನ್ನು ಎಲ್ಲರೂ ಮೆಚ್ಚಲಿಲ್ಲ, ಮೆಚ್ಚದವರು ಸುಮ್ನೆ ಹೊಟ್ಟೆಕಿಚ್ಚಿನವರೂ ಅಲ್ಲ. 1987ರ ಮಾರ್ಚ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ಆಕ್ಟ್ ಅಪ್ ಎಂಬ ಗುಂಪು ಹುಟ್ಟಿತ್ತು. ಔಷಧಿ ಬೇಗ ಕೊಡಿ, ಬೆಲೆ ಇಳಿಸಿ, ಸರ್ಕಾರ ಎದ್ದು ಕೆಲಸ ಮಾಡಲಿ ಎಂದು ಬೀದಿಗಿಳಿದ ಗುಂಪು. ಅವರಲ್ಲಿ ಹಲವರ ಮಾತು ಹೀಗಿತ್ತು. ಜನ ಸಾಯುತ್ತಿರುವುದು ರೋಗದಿಂದ ಮಾತ್ರ ಅಲ್ಲ, ಸರ್ಕಾರದ ಅಸಡ್ಡೆಯಿಂದ. ಆಗ ನಾವು ಕೂತು ಚಂದದ ಬಟ್ಟೆ ಹೊಲಿದರೆ ಯಾರಿಗೆ ಅನುಕೂಲ? ಕಣ್ಣೀರು ಹಾಕಿ ಮನಸ್ಸು ಹಗುರ ಮಾಡಿಕೊಂಡು ಮನೆಗೆ ಹೋಗುವವರಿಗೆ, ಉತ್ತರ ಕೊಡಬೇಕಾದ ಅಧಿಕಾರಸ್ಥರಿಗೆ. 1988ರಲ್ಲಿ ಕೌದಿ ನೋಡಲು ಬಂದವರಿಗೆ ಅವರು ಕರಪತ್ರ ಹಂಚಿದರು. ಈ ಕೌದಿ ಇಷ್ಟು ದೊಡ್ಡದಾಗಲು ಕಾರಣರಾದವರಿಗೆ, ಅಂದರೆ ನಮ್ಮ ಸರ್ಕಾರಕ್ಕೆ, ನಿಮ್ಮ ಸಿಟ್ಟು ತೋರಿಸಿ ಎಂಬುದು ಅದರ ಸಾರ.

1992ರ ಅಕ್ಟೋಬರ್ 11ರಂದು ಇನ್ನೊಂದು ಘಟನೆ ನಡೆಯಿತು. ಆ ವಾರಾಂತ್ಯವೂ ಕೌದಿ ವಾಷಿಂಗ್ಟನ್ನಿನಲ್ಲಿ ಹಾಸಿತ್ತು. ಅದೇ ಊರಿನಲ್ಲಿ ಆಕ್ಟ್ ಅಪ್‌ನವರು ತಮ್ಮವರ ಚಿತಾಭಸ್ಮ ಹೊತ್ತು ಮೆರವಣಿಗೆ ಹೋದರು. ಶ್ವೇತಭವನದ ಬೇಲಿಯ ಮೇಲಿಂದ ಆ ಬೂದಿಯನ್ನು ಹುಲ್ಲುಹಾಸಿಗೆ ಎರಚಿದರು. ಕೌದಿ ಸಾವನ್ನು ನೋಡುವಂತೆ ಮಾಡಿತು, ಈ ಬೂದಿ ಅದನ್ನು ಮುಟ್ಟುವಂತೆ ಮಾಡಿತು. ಎರಡರ ಹಿಂದೆಯೂ ಇದ್ದದ್ದು ಒಂದೇ ಸಂಕಟ.

ನಾನು ಈ ಟೀಕೆಯನ್ನು ಅರ್ಧ ಒಪ್ಪುತ್ತೇನೆ. ಸಮುದಾಯ ಕಲೆಗೆ ಈ ಅಪಾಯ ಯಾವಾಗಲೂ ಇರುತ್ತದೆ. ಅಧಿಕಾರದಲ್ಲಿ ಇರುವವರಿಗೆ ಅದು ಸಸ್ತಾದ ದಾರಿ. ಚರಂಡಿ ಕಟ್ಟಿಸುವ ಬದಲು ಗೋಡೆಗೆ ಬಣ್ಣ ಬಳಿಸಬಹುದು. ಆಸ್ಪತ್ರೆಗೆ ಹಣ ಕೊಡುವ ಬದಲು ಸ್ಮಾರಕದ ಮುಂದೆ ಹೂ ಇಡಬಹುದು. ಕಲೆ ಗಾಯಕ್ಕೆ ಪಟ್ಟಿಯಾದಾಗ ಗಾಯ ಮಾಡಿದವರು ಖುಷಿಯಾಗಿ ತಪ್ಪಿಸಿಕೊಳ್ಳುತ್ತಾರೆ.

ಆದರೆ ಅಳುವುದೂ ಹೋರಾಡುವುದೂ ಬೇರೆ ಬೇರೆ ಜನರ ಕೆಲಸ ಎಂದುಕೊಂಡರೆ ಅಲ್ಲಿ ತಪ್ಪುತ್ತೇವೆ. 1988ರ ಅಕ್ಟೋಬರ್ 8 ಮತ್ತು 9ರಂದು ಎಲಿಪ್ಸ್‌ನಲ್ಲಿ ಕೌದಿ ಹಾಸಿತ್ತು. ಅಕ್ಟೋಬರ್ 11ರಂದು ಸಾವಿರಕ್ಕೂ ಜಾಸ್ತಿ ಹೋರಾಟಗಾರರು ಅಲ್ಲಿಗೆ ಹತ್ತಿರದ ರಾಕ್‌ವಿಲ್‌ನಲ್ಲಿ ಔಷಧಿಗಳಿಗೆ ಒಪ್ಪಿಗೆ ಕೊಡುವ ಸರ್ಕಾರಿ ಸಂಸ್ಥೆ ಎಫ್‌ಡಿಎ ಕಚೇರಿಯನ್ನು ಮುತ್ತಿದರು. ಪ್ರಯೋಗದ ಹಂತದ ಔಷಧಿಗಳು ರೋಗಿಗಳಿಗೆ ಬೇಗ ಸಿಗಲಿ ಎಂಬುದು ಬೇಡಿಕೆ. ಎಷ್ಟೋ ಮಂದಿಯನ್ನು ಪೊಲೀಸರು ಹಿಡಿದರು. ಕೌದಿಗೆಂದು ದೂರದ ಊರುಗಳಿಂದ ಬಂದವರು ಆ ವಾರ ಅದೇ ಪ್ರದೇಶದಲ್ಲಿ ಇದ್ದರು ಎಂಬುದನ್ನು ಲೆಕ್ಕ ಹಾಕಿಯೇ ಆ ದಿನವನ್ನು ಆರಿಸಿದ್ದರು. ಎರಡು ದಿನದ ಹಿಂದೆ ಮಂಡಿಯೂರಿ ಹೆಸರು ಓದಿದ ಕೆಲವರಾದರೂ ಅಲ್ಲಿ ರಸ್ತೆಗೆ ಅಡ್ಡ ಕೂತಿದ್ದರು. ಅತ್ತವರು ಮನೆಗೆ ಹೋಗಿ ಮಲಗಲಿಲ್ಲ.

ಹೊಲಿಯುವವರೇ ಇಲ್ಲದವರು

ಇನ್ನೊಂದು ಟೀಕೆ ನನ್ನನ್ನು ಜಾಸ್ತಿ ಕಾಡುತ್ತದೆ. ಅಮೆರಿಕದಲ್ಲಿ ಇಲ್ಲಿಯವರೆಗೆ ಏಡ್ಸ್ ಸಂಬಂಧದ ಕಾಯಿಲೆಗಳಿಂದ 7 ಲಕ್ಷಕ್ಕೂ ಜಾಸ್ತಿ ಜನ ಸತ್ತಿದ್ದಾರೆ. ಕೌದಿಯಲ್ಲಿ ಇರುವುದು 1,10,000ದಷ್ಟು ಹೆಸರು. ಉಳಿದವರು ಎಲ್ಲಿ?

ಒಂದು ತುಂಡು ಬರಬೇಕೆಂದರೆ ಯಾರೋ ಒಬ್ಬರು ಉಳಿದಿರಬೇಕು. ಅವರಿಗೆ ಸಮಯ ಇರಬೇಕು, ಹೆಸರು ಹೇಳುವ ಧೈರ್ಯ ಇರಬೇಕು. ಬೀದಿಯಲ್ಲಿ ಸತ್ತವರಿಗೆ, ಜೈಲಿನಲ್ಲಿ ಸತ್ತವರಿಗೆ, ಗೆಳೆಯರೆಲ್ಲ ಮೊದಲೇ ಸತ್ತು ಒಂಟಿಯಾಗಿ ಹೋದವರಿಗೆ ಯಾರು ಹೊಲಿಯುತ್ತಾರೆ? ಮೊದಲ ವರ್ಷಗಳ ಕೌದಿಯಲ್ಲಿ ಬಿಳಿಯ ಗಂಡಸರ ಹೆಸರೇ ಜಾಸ್ತಿ. ಕಪ್ಪು ಜನರ ನಡುವೆ ರೋಗ ಭಾರವಾಗಿ ಹಬ್ಬಿದಾಗಲೂ ಅವರ ಹೆಸರುಗಳು ಅದೇ ಲೆಕ್ಕದಲ್ಲಿ ಬರಲಿಲ್ಲ. ಯಾರು ಬಂದರೂ ಬಾಗಿಲು ತೆರೆದಿದೆ ಎಂದರೆ ಸಾಲದು. ಬಾಗಿಲವರೆಗೆ ಬರುವ ದಾರಿ ಎಲ್ಲರಿಗೂ ಒಂದೇ ಅಲ್ಲ. ಜನ ಭಾಗವಹಿಸುವ ಕಲೆಯ ದೊಡ್ಡ ಕುರುಡು ಇದೇ. ಬಂದವರನ್ನು ಎಣಿಸುತ್ತೇವೆ, ಬಾರದವರು ನಮಗೆ ಕಾಣುವುದೇ ಇಲ್ಲ.

ಇದಕ್ಕೆ ಕೌದಿಯ ಸಂಸ್ಥೆ ಆಮೇಲೆ ಉತ್ತರ ಹುಡುಕಿತು. ಕಪ್ಪು ಸಮುದಾಯದ ನಡುವೆಯೇ ಹೋಗಿ, ಚರ್ಚುಗಳಲ್ಲಿ, ಸಂಘಗಳಲ್ಲಿ ಹೊಲಿಗೆಯ ಶಿಬಿರ ನಡೆಸುವ ಕಾಲ್ ಮೈ ನೇಮ್ ಎಂಬ ಕಾರ್ಯಕ್ರಮ ಶುರುವಾಯಿತು. 2022ರಲ್ಲಿ ಮಿಸಿಸಿಪ್ಪಿಯ ಜ್ಯಾಕ್ಸನ್‌ನಲ್ಲಿ ದೊಡ್ಡ ಪ್ರದರ್ಶನ ನಡೆಯಿತು. ದಕ್ಷಿಣದ ರಾಜ್ಯಗಳಲ್ಲಿ ಎಚ್‌ಐವಿಯ ಭಾರ ಇವತ್ತಿಗೂ ಹೆಚ್ಚು. ತಡ ಆಯಿತು ಎಂದು ಯಾರಾದರೂ ಹೇಳಿದರೆ ನಾನು ವಾದ ಮಾಡುವುದಿಲ್ಲ. ಆದರೆ ತುಂಡು ಸೇರಿಸಲು ಕೊನೆಯ ದಿನ ಎಂಬುದನ್ನು ಕೌದಿ ಇಟ್ಟುಕೊಂಡಿಲ್ಲ. ಕಲ್ಲಿನ ಸ್ಮಾರಕದಲ್ಲಿ ಹೆಸರು ಕೆತ್ತಿ ಉದ್ಘಾಟನೆ ಮಾಡಿದ ದಿನ ಕೆಲಸ ಮುಗಿಯುತ್ತದೆ. ಇಲ್ಲಿ ಮೂವತ್ತು ವರ್ಷ ಬಾಯಿ ಮುಚ್ಚಿಕೊಂಡಿದ್ದ ತಂಗಿಯೂ ಇವತ್ತು ಅಣ್ಣನ ಹೆಸರು ಹೊಲಿದು ಕಳಿಸಬಹುದು.

ಬೆಲೆಯನ್ನು ಹೇಗೆ ಅಳೆಯುವುದು?

ಕಲೆಗೆ ಹಣ ಕೊಡುವವರು ಕೇಳುವ ಪ್ರಶ್ನೆ ಗೊತ್ತೇ ಇದೆ. ಎಷ್ಟು ಜನ ಬಂದರು? ಏನು ಬದಲಾಯಿತು? ಕೌದಿಯ ಬಗ್ಗೆ ಮೊದಲ ಪ್ರಶ್ನೆಗೆ ದೊಡ್ಡ ಉತ್ತರ ಇದೆ. ಎರಡನೆಯದಕ್ಕೆ ಗೊಂದಲ. ಏಡ್ಸ್ ರೋಗಿಗಳ ಆರೈಕೆಗೆ ಹಣ ಕೊಡುವ ರಯನ್ ವೈಟ್ ಕಾಯ್ದೆ 1990ರಲ್ಲಿ ಬಂತು. ಅದು ಕೌದಿಯಿಂದ ಬಂತೇ? ಹೋರಾಟದಿಂದಲೇ? ಏಡ್ಸ್ ಇದೆ ಎಂದು ಶಾಲೆಗೆ ಸೇರಿಸಿಕೊಳ್ಳದ ರಯನ್ ವೈಟ್ ಎಂಬ ಹುಡುಗನ ಕಥೆ ದೇಶದ ಮನಸ್ಸು ಕಲಕಿದ್ದರಿಂದಲೇ? ಎಲ್ಲ ಒಂದರೊಳಗೊಂದು ಹೆಣೆದುಕೊಂಡಿದೆ, ಬಿಡಿಸಿ ತೂಗಲು ಹೋದರೆ ದಾರವೇ ಕಿತ್ತುಬರುತ್ತದೆ. 1996ರ ಹೊತ್ತಿಗೆ ಬಂದ ಹೊಸ ಔಷಧಿಗಳ ಜೋಡಣೆ ಸಾವನ್ನು ಇಳಿಸಿತು. ಅದನ್ನು ಮಾಡಿದ್ದು ವಿಜ್ಞಾನಿಗಳು, ವೈದ್ಯರು, ಅವರ ಬೆನ್ನು ಬಿಡದ ಹೋರಾಟಗಾರರು. ಕೌದಿ ಯಾರ ಜೀವವನ್ನೂ ನೇರವಾಗಿ ಉಳಿಸಲಿಲ್ಲ.

ನಾನು ಬೆಲೆಯನ್ನು ಬೇರೆ ಕಡೆ ಹುಡುಕುತ್ತೇನೆ. ನೋಡಿದ ಲಕ್ಷಾಂತರ ಜನರಲ್ಲಿ ಅಲ್ಲ, ಹೊಲಿದ ಕೈಗಳಲ್ಲಿ. ಸಂಗಾತಿಯ ಅಂತ್ಯಕ್ರಿಯೆ ಮಾಡಲು ಅವಕಾಶ ಸಿಗದವನಿಗೆ ಈ ಬಟ್ಟೆ ಅಂತ್ಯಕ್ರಿಯೆಯಾಯಿತು. ಅವನ ಅಂಗಿಯನ್ನು ಕತ್ತರಿಸಬೇಕು, ಹೆಸರಿನ ಅಕ್ಷರಗಳನ್ನು ಒಂದೊಂದಾಗಿ ಹೊಲಿಯಬೇಕು. ಎಷ್ಟೋ ರಾತ್ರಿ ಹಿಡಿಯುತ್ತದೆ. ಆಮೇಲೆ ಅದನ್ನು ಮಡಿಚಿ ಅಂಚೆಗೆ ಹಾಕಿ ಕೈಬಿಡಬೇಕು. ದುಃಖಕ್ಕೆ ಒಂದು ಕೆಲಸ ಸಿಕ್ಕಿತು, ಆ ಕೆಲಸಕ್ಕೆ ಅಳತೆ ಇತ್ತು, ಮುಗಿಸಿದ ಮೇಲೆ ಕೊಡಲು ಜಾಗ ಇತ್ತು. ಕೊಟ್ಟ ಜಾಗದಲ್ಲಿ ತನ್ನಂಥವರೇ ಸಾವಿರಾರು ಜನರ ಬಟ್ಟೆ ಇತ್ತು. ಒಬ್ಬರ ಹೆಸರಿಗೇ ಎರಡು ಮೂರು ತುಂಡುಗಳು ಬಂದದ್ದೂ ಉಂಟು. ಒಂದೇ ಸಾವನ್ನು ಬೇರೆ ಬೇರೆ ಜನ ಬೇರೆ ಬೇರೆಯಾಗಿ ನೆನೆದರು, ಇದರಲ್ಲಿ ಯಾವುದು ಸರಿ ಎಂದು ಯಾರೂ ತೀರ್ಪು ಕೊಡಲಿಲ್ಲ.

ಇದನ್ನು ಎಣಿಸುವ ಫಾರಂ ಇಲ್ಲ. ತುಂಡುಗಳ ಜೊತೆ ಬಂದ ಕಾಗದಗಳಿವೆ. ಪತ್ರ, ಫೋಟೊ, ನೆನಪಿನ ಚೂರು ಸೇರಿ 2,00,000ಕ್ಕೂ ಜಾಸ್ತಿ ದಾಖಲೆಗಳು ಈಗ ಲೈಬ್ರರಿ ಆಫ್ ಕಾಂಗ್ರೆಸ್‌ನ ಪಾಲಾಗಿವೆ. ಕೌದಿಯ ಸಾಮಾಜಿಕ ಬೆಲೆ ಎಷ್ಟು ಎಂದು ತಿಳಿಯಬೇಕಾದವರು ಆ ಕಾಗದಗಳನ್ನು ಓದಬೇಕು.

ಸವೆಯುವ ಬಟ್ಟೆ

ಹಾಸಿದ ದಿನದ ಫೋಟೊ ಎಲ್ಲರೂ ನೋಡಿದ್ದಾರೆ. ಉಳಿದ ದಿನಗಳ ಕೆಲಸ ಯಾರಿಗೂ ಕಾಣುವುದಿಲ್ಲ. ಬಟ್ಟೆಗೆ ಮಳೆ ತಾಗುತ್ತದೆ, ಬಿಸಿಲಿಗೆ ಬಣ್ಣ ಹೋಗುತ್ತದೆ, ಅಂಟು ಬಿಡುತ್ತದೆ, ಮಣಿ ಉದುರುತ್ತದೆ. ಅಂಚು ಹರಿದರೆ ಯಾರೋ ಕೂತು ಮತ್ತೆ ಹೊಲಿಯಬೇಕು. 54 ಟನ್ ಬಟ್ಟೆಯನ್ನು ಇಡಲು ಗೋದಾಮು ಬೇಕು, ತೇವ ತಾಗದ ಹಾಗೆ ನೋಡಿಕೊಳ್ಳಬೇಕು. ಹಲವು ವರ್ಷ ಅಟ್ಲಾಂಟಾದಲ್ಲಿದ್ದ ಕೌದಿ 2020ರಲ್ಲಿ ಮತ್ತೆ ಸ್ಯಾನ್ ಫ್ರಾನ್ಸಿಸ್ಕೊ ಕಡೆಗೆ ಬಂತು. ಈಗ ಅದನ್ನು ನೋಡಿಕೊಳ್ಳುತ್ತಿರುವುದು ನ್ಯಾಷನಲ್ ಏಡ್ಸ್ ಮೆಮೋರಿಯಲ್. ಸಮುದಾಯ ಕಲೆಯ ಯೋಜನೆಗಳಲ್ಲಿ ಉದ್ಘಾಟನೆಗೆ ಹಣ ಇರುತ್ತದೆ, ಹತ್ತು ವರ್ಷದ ಆಮೇಲಿನ ರಿಪೇರಿಗೆ ಇರುವುದಿಲ್ಲ. ಜನರಿಂದ ಇಂಥ ನೆನಪು ಪಡೆದ ಮೇಲೆ ಅದನ್ನು ಹುಳ ಹಿಡಿಯಲು ಬಿಡುವುದು ಅವರಿಗೆ ಮಾಡುವ ದ್ರೋಹ ಎಂದೇ ನನ್ನ ಅನಿಸಿಕೆ.

ಗರ್ಟ್ ಮೆಕ್‌ಮಲಿನ್ ಎಂಬ ಹೆಂಗಸು 1987ರಲ್ಲಿ ತನ್ನ ಗೆಳೆಯರಿಗಾಗಿ ತುಂಡು ಹೊಲಿಯಲು ಮಾರ್ಕೆಟ್ ಸ್ಟ್ರೀಟ್‌ನ ಆ ಅಂಗಡಿಗೆ ಬಂದರು. ಹೊಲಿದು ಮುಗಿದ ಮೇಲೂ ಹೋಗಲಿಲ್ಲ. ಕೌದಿಯ ಜೊತೆಗೇ ಅಟ್ಲಾಂಟಾಕ್ಕೆ ಹೋದರು, ಅದರ ಜೊತೆಗೇ ವಾಪಸ್ ಬಂದರು. ದಶಕಗಳ ಕಾಲ ಬಂದ ತುಂಡುಗಳನ್ನು ಸೇರಿಸಿದ್ದು, ಹರಿದದ್ದನ್ನು ಸರಿ ಮಾಡಿದ್ದು ಅವರ ಕೈ.

2020ರಲ್ಲಿ ಕೊರೊನಾ ಬಂತು. ಮಾಸ್ಕ್ ಸಿಗುತ್ತಿರಲಿಲ್ಲ. ಕೌದಿಯ ಕೆಲಸಕ್ಕೆಂದು ಜನ ವರ್ಷಗಳಿಂದ ಕೊಟ್ಟಿದ್ದ ಬಟ್ಟೆಯಲ್ಲಿ ಉಳಿದದ್ದು ರಾಶಿ ಇತ್ತು. ಮೆಕ್‌ಮಲಿನ್ ಯಂತ್ರದ ಮುಂದೆ ಕೂತು ಆ ಬಟ್ಟೆಯಲ್ಲಿ ಮಾಸ್ಕ್ ಹೊಲಿಯತೊಡಗಿದರು.